ಆಡು ಗುದ್ದಿದ ಆಟ, ದುಡ್ಡು ನುಂಗಿದ ಆಟ

ಹುಮನಾಬಾದ್‌ನಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಹುದ್ದೆಗಳಿಗೆ ಅರ್ಜಿ ತುಂಬುವುದು, ಹಾಲ್ ಟಿಕೆಟ್ ಪ್ರಿಂಟ್ ತೆಗೆದುಕೊಡುವುದು, ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಇಷ್ಟೇ ದಿನದ ಕೆಲಸ. ಸರ್ವರ್ ನಿಂತಿತೆಂದರೆ ಬೆಂಚಿನ ಮೇಲೆ ಕೂತ ಹುಡುಗರ ಕೈಯಲ್ಲಿ ಮೊಬೈಲ್ ಅಡ್ಡಕ್ಕೆ ತಿರುಗುತ್ತದೆ. ಬಿಜಿಎಂಐ ಆಡುವವರು ಕೂಗಾಡುತ್ತಾರೆ. 2025ರ ಆಗಸ್ಟ್‌ವರೆಗೆ ಮೂಲೆಯಲ್ಲಿ ಇಬ್ಬರೋ ಮೂವರೋ ಸದ್ದಿಲ್ಲದೆ ಆಡುವವರೂ ಇರುತ್ತಿದ್ದರು. ಸದ್ದಿಲ್ಲ ಎಂದರೆ ಅದು ರಮ್ಮಿ ಎಂದು ಪರದೆ ನೋಡದೆಯೇ ಹೇಳಬಹುದಿತ್ತು.

ಆ ತಿಂಗಳು ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಎರಡೇ ದಿನದಲ್ಲಿ ಮುಗಿಸಿತು. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಕೆಲವೇ ದಿನಗಳಲ್ಲಿ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಟೀಮ್ ಇಂಡಿಯಾದ ಜೆರ್ಸಿ ಮೇಲಿದ್ದ ಫ್ಯಾಂಟಸಿ ಆ್ಯಪ್‌ನ ಹೆಸರೂ ಹೋಯಿತು.

ಅದೇ ವಾರ ನನ್ನ ಹಳೆಯ ಗೆಳೆಯನೊಬ್ಬ ತನ್ನ ತಮ್ಮನನ್ನು ಕರೆದುಕೊಂಡು ಸೆಂಟರಿಗೆ ಬಂದ. ತಮ್ಮ ಧಾರವಾಡದಲ್ಲಿ ಕೋಚಿಂಗ್‌ಗೆಂದು ಇದ್ದವನು. ಮನೆಯಲ್ಲಿ ತೊಗರಿ ಮಾರಿ ಕಳಿಸಿದ ಹಣವೂ ಸೇರಿ ಏಳು ತಿಂಗಳಲ್ಲಿ 1 ಲಕ್ಷ 40 ಸಾವಿರ ರೂಪಾಯಿ ರಮ್ಮಿಗೆ ಹೋಗಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದೆ. 200, 500, 500, 1000, 200. ಹನ್ನೊಂದು ಹಾಳೆ. ನಾನು ಅಂದುಕೊಂಡದ್ದು, ಹುಡುಗ ಈಗ ತಪ್ಪಾಯಿತು ಎನ್ನುತ್ತಾನೆ ಎಂದು. ಅವನು ಅಂದದ್ದೇ ಬೇರೆ. ‘ಬಂದ್ ಮಾಡಬಾರ್ದಿತ್ತಣ್ಣಾ. ಇನ್ನೊಂದ್ ತಿಂಗಳ ಬಿಟ್ಟಿದ್ರ ಹೋಗಿದ್ದೆಲ್ಲ ವಾಪಸ್ ತೆಗೀತಿದ್ದೆ.’

ಗೆಳೆಯ ಅವನಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, ‘ಗೇಮ್ ಅನ್ನೋದೇ ಬ್ಯಾಡ ನೋಡು. ನೀನೂ ಬಿಟ್ಬಿಡು’ ಅಂದ. ಇಪ್ಪತ್ತು ವರ್ಷದಿಂದ ನಾನು ಆಡುತ್ತಿರುವುದು ಅವನಿಗೆ ಗೊತ್ತು. ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಅದಕ್ಕೇ ಆ ಮಾತು ಚುಚ್ಚಿತು.

2004ರಲ್ಲಿ ನಾನು ಬಸವಕಲ್ಯಾಣದಲ್ಲಿ ಪಿಯುಸಿ ಓದುತ್ತ, ಸಂಜೆ ಹೊತ್ತು ಒಂದು ಸೈಬರ್ ಕೆಫೆಯಲ್ಲಿ ಕೂರುತ್ತಿದ್ದೆ. ಗಿರಾಕಿಗಳು ಹೋದ ಮೇಲೆ ಒಂದು ಕಂಪ್ಯೂಟರ್ ನನ್ನದು. ಹೈದರಾಬಾದ್‌ಗೆ ಹೋಗಿ ಬರುವವರು ತರುತ್ತಿದ್ದ ನಕಲಿ ಸಿ.ಡಿ.ಗಳಲ್ಲಿ ಹೆಚ್ಚಿನವು ರೇಸ್ ಮತ್ತು ಬಂದೂಕು. ಅದರ ನಡುವೆ ಒಮ್ಮೆ ‘ಬ್ರೋಕನ್ ಸ್ವೋರ್ಡ್’ ಸಿಕ್ಕಿತು. ಇಂಗ್ಲೆಂಡಿನ ರೆವಲ್ಯೂಷನ್ ಕಂಪನಿ 1996ರಲ್ಲಿ ಮಾಡಿದ ಅಡ್ವೆಂಚರ್ ಗೇಮ್. ಪ್ಯಾರಿಸ್‌ನ ಕೆಫೆಯಲ್ಲಿ ಕೋಡಂಗಿ ವೇಷದವನು ಬಾಂಬ್ ಇಡುತ್ತಾನೆ. ಹೊರಗೆ ಕೂತಿದ್ದ ಅಮೆರಿಕದ ಪ್ರವಾಸಿ ಜಾರ್ಜ್ ಅದರ ಬೆನ್ನು ಹತ್ತುತ್ತಾನೆ. ಓಡುವುದಿಲ್ಲ, ಸುಡುವುದಿಲ್ಲ. ಮಾತಾಡಿಸಬೇಕು, ಸಿಕ್ಕ ವಸ್ತು ಜೇಬಿಗೆ ಹಾಕಿಕೊಳ್ಳಬೇಕು, ಯಾವುದು ಎಲ್ಲಿಗೆ ಉಪಯೋಗ ಎಂದು ಯೋಚಿಸಬೇಕು. ನನ್ನ ಅರೆಬರೆ ಇಂಗ್ಲಿಷ್‌ಗೆ ನಿಘಂಟು ಪಕ್ಕದಲ್ಲೇ ಇರುತ್ತಿತ್ತು.

ಐರ್ಲೆಂಡಿನ ಒಂದು ಹಾಳು ಕೋಟೆಯಲ್ಲಿ ಕಥೆ ನಿಂತುಬಿಟ್ಟಿತು. ಕೆಳಗಿಳಿಯುವ ದಾರಿಯ ಹತ್ತಿರ ಒಂದು ಆಡು ಕಟ್ಟಿದ್ದಾರೆ. ಹೋದರೆ ಗುದ್ದಿ ಕೆಡವುತ್ತದೆ. ಎದ್ದು ಹೋದರೆ ಮತ್ತೆ ಗುದ್ದುತ್ತದೆ. ಹತ್ತೊಂಬತ್ತು ದಿನ ಹೀಗೇ ಆಯಿತು. (ಈ ಆಡು ಲೋಕಪ್ರಸಿದ್ಧ, ಅದರಿಂದ ಸಿಟ್ಟಿಗೆದ್ದವರು ಎಲ್ಲ ದೇಶಗಳಲ್ಲೂ ಇದ್ದಾರೆ ಎಂಬುದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಆಗ ಗೊತ್ತಿದ್ದರೆ ಸ್ವಲ್ಪ ಸಮಾಧಾನ ಆಗುತ್ತಿತ್ತು.) ಹುಮನಾಬಾದ್ ಕಡೆಯ ಹಳ್ಳಿಯಿಂದ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಸಹಪಾಠಿಗೆ ಹೇಳಿದೆ. ಅವರ ಮನೆಯಲ್ಲಿ ಆಡು ಸಾಕಿದ್ದರು. ಅವನು ಬಂದು ನಾಲ್ಕು ಸಲ ಜಾರ್ಜ್ ಬೀಳುವುದನ್ನು ನೋಡಿದ. ‘ಗುದ್ದಿದ ಮ್ಯಾಲ ಆಡು ಒಂದ್ ಗಳಿಗಿ ಸುಮ್ನ ನಿಂದರ್ತದ. ಆವಾಗ ಈ ಕಡಿ ಬರಬ್ಯಾಡ, ಆ ಕಡಿ ಹೋಗು’ ಅಂದ. ಆ ಕಡೆ ಒಂದು ಹಳೆಯ ಬೇಸಾಯದ ಸಲಕರಣೆ ಬಿದ್ದಿತ್ತು. ಆಡು ಸುಧಾರಿಸಿಕೊಳ್ಳುವಷ್ಟರಲ್ಲಿ ಅದನ್ನು ಸರಿಸಿದರೆ ಆಡಿನ ಹಗ್ಗ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ದಾರಿ ಬಿಟ್ಟಿತು. ನಾವಿಬ್ಬರೂ ಕೂಗಿದ್ದಕ್ಕೆ ಮಾಲೀಕರು ಒಳಗಿನಿಂದ ಓಡಿ ಬಂದರು.

ಈಗ ‘ಗೇಮ್ ಅನ್ನೋದೇ ಬ್ಯಾಡ’ ಅಂದವನು ಅವನೇ.

ಆ ಹತ್ತೊಂಬತ್ತು ದಿನ ನಾನು ಸಿಕ್ಕಿಕೊಂಡಿದ್ದರಿಂದ ಆಟ ಮಾಡಿದ ಕಂಪನಿಗೆ ಏನು ಸಿಕ್ಕಿತು? ಏನೂ ಇಲ್ಲ. ಸಿ.ಡಿ. ಮಾರಾಟವಾದಲ್ಲಿಗೆ ಅವರ ವ್ಯಾಪಾರ ಮುಗಿದಿತ್ತು. (ನನ್ನದು ನಕಲಿ, ಅದೂ ಇಲ್ಲ.) ನಾನು ಹತ್ತು ತಾಸು ಆಡಲಿ, ನೂರು ತಾಸು ಆಡಲಿ, ಅವರಿಗೆ ಒಂದೇ. ಆದ್ದರಿಂದ ಆಟ ತನ್ನಷ್ಟಕ್ಕೆ ಗಟ್ಟಿಯಾಗಿರಲು ಸಾಧ್ಯವಿತ್ತು, ಮುಗಿಯಲೂ ಸಾಧ್ಯವಿತ್ತು. ಇವತ್ತು ಫೋನಿನಲ್ಲಿ ಪುಕ್ಕಟೆ ಸಿಗುವ ಆಟದ ಲೆಕ್ಕ ತಿರುಗುಮುರುಗು. ಡೌನ್‌ಲೋಡ್ ಆದ ಮೇಲೆ ವ್ಯಾಪಾರ ಶುರು. ನೀವು ಸಿಕ್ಕಿಕೊಂಡು ಬೇಜಾರಾಗಿ ಎದ್ದು ಹೋದರೆ ಅವರಿಗೆ ನಷ್ಟ. ಮುಗಿಸಿ ಎದ್ದು ಹೋದರೂ ನಷ್ಟ. ಹಾಗಾಗಿ ಸಿಕ್ಕಿಕೊಳ್ಳಲು ಬಿಡುವುದಿಲ್ಲ, ಮುಗಿಯಲೂ ಬಿಡುವುದಿಲ್ಲ. ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಟ್, ಸೀಸನ್ ಮುಗಿದರೆ ಇನ್ನೊಂದು ಸೀಸನ್. ಹಳೆಯ ಆಟ, ಹೊಸ ಆಟ ಎಂದು ನಾನು ವಿಂಗಡಿಸುವುದು ಗ್ರಾಫಿಕ್ಸ್ ನೋಡಿ ಅಲ್ಲ, ಇದನ್ನು ನೋಡಿ. ಇದೇ ದಾರಿಯ ಕೊನೆಯ ನಿಲ್ದಾಣ ರಮ್ಮಿ ಆ್ಯಪ್. ಅಲ್ಲಿ ಕಥೆ ಇಲ್ಲ, ಒಗಟಿಲ್ಲ. ಮತ್ತೊಂದು ಕೈ ಆಡುವಂತೆ ಮಾಡುವ ಜಾಣತನ ಮಾತ್ರ ಉಳಿದಿದೆ. ಗೆಳೆಯನ ತಮ್ಮನಿಗೆ ‘ಇನ್ನೊಂದ್ ತಿಂಗಳ’ ಎಂಬ ಮಾತು ಬಾಯಿಗೆ ಬಂದದ್ದು ಅವನ ದಡ್ಡತನದಿಂದಲ್ಲ.

ಹಾಗೆಂದು ಹಳೆಯದೆಲ್ಲ ಬಂಗಾರ ಎನ್ನುವ ಜಾತಿಯವನಲ್ಲ ನಾನು. ಅಡ್ವೆಂಚರ್ ಎಂಬ ಹೆಸರೇ ಬಂದದ್ದು ಗುಹೆಗಳನ್ನು ಸುತ್ತುವ ಹವ್ಯಾಸವಿದ್ದ ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್ 1970ರ ದಶಕದಲ್ಲಿ ಬರೆದ ಆಟದಿಂದ; ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಮುಂದೆ ಸಿಯೆರಾ ಕಂಪನಿಯ ‘ಕಿಂಗ್ಸ್ ಕ್ವೆಸ್ಟ್’ನಂಥವು ಬಂದವು. ಮೊದಲ ತಾಸಿನಲ್ಲಿ ಒಂದು ವಸ್ತು ಎತ್ತಿಕೊಳ್ಳದೆ ಹೋದರೆ ಹತ್ತನೇ ತಾಸಿನಲ್ಲಿ ದಾರಿಯೇ ಇರುತ್ತಿರಲಿಲ್ಲ, ಅದನ್ನು ಆಟ ಹೇಳುತ್ತಲೂ ಇರಲಿಲ್ಲ. ಶುದ್ಧ ಮೋಸ ಅದು. ರಾನ್ ಗಿಲ್ಬರ್ಟ್ ಎಂಬ ತಯಾರಕ 1989ರಲ್ಲೇ ಇದರ ವಿರುದ್ಧ ಲೇಖನ ಬರೆದು, ಮರುವರ್ಷ ‘ಮಂಕಿ ಐಲ್ಯಾಂಡ್’ನಲ್ಲಿ ಬೇರೆ ರೀತಿ ಮಾಡಿ ತೋರಿಸಿದ. ಇನ್ನು ಹೊಸದರಲ್ಲಿ 2019ರ ‘ಔಟರ್ ವೈಲ್ಡ್ಸ್’ ನಾನು ಆಡಿದ ಎಲ್ಲ ಆಟಗಳಿಗಿಂತ ದೊಡ್ಡದು. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿನಿಂದ ಶುರುವಾಗುತ್ತದೆ; ನಿಮ್ಮ ಹತ್ತಿರ ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ಕೊಳ್ಳಲು ಅಲ್ಲಿ ಅಂಗಡಿಯೇ ಇಲ್ಲ. ‘ಬ್ರೋಕನ್ ಸ್ವೋರ್ಡ್’ ಕೂಡ 2024ರಲ್ಲಿ ಹೊಸ ಚಿತ್ರಗಳೊಂದಿಗೆ ಬಂತು. ಸಿಕ್ಕಿಕೊಳ್ಳಲು ಇಷ್ಟವಿಲ್ಲದವರಿಗೆ ಸುಳಿವು ಕೊಡುವ ವ್ಯವಸ್ಥೆ ಬೇರೆ ಇದೆ. ಬೇಕಾದವರು ಬಳಸಲಿ, ನನ್ನ ತಕರಾರಿಲ್ಲ.

ಬಸವಕಲ್ಯಾಣದವನಾಗಿ ಒಂದು ಮಾತು ಹೇಳಲೇಬೇಕು. ‘ಮಾನಸೋಲ್ಲಾಸ’ ಬರೆದವರು ಯಾರು ಎಂಬುದು ಕೆಪಿಎಸ್‌ಸಿಗೆ ಓದುವವರಿಗೆಲ್ಲ ಒಂದು ಅಂಕದ ಪ್ರಶ್ನೆ. ಉತ್ತರ, ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. ಅಂಕ ಬಂದ ಮೇಲೆ ಒಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ. 12ನೇ ಶತಮಾನದ ಆ ಗ್ರಂಥದ ಕೊನೆಯ ಭಾಗದ ಹೆಸರೇ ಕ್ರೀಡಾ ವಿಂಶತಿ. ಅದರಲ್ಲಿ ಒಗಟಿನ ಆಟವಾದ ಪ್ರಹೇಲಿಕೆ ಒಂದು, ಚದುರಂಗ ಇನ್ನೊಂದು, ದಾಳದ ಆಟ ಬೇರೊಂದು. ಅದೇ ಊರಿನಲ್ಲಿ ಅದೇ ಶತಮಾನದಲ್ಲಿ ಅಲ್ಲಮಪ್ರಭುಗಳು ಬೆಡಗಿನ ವಚನ ಹೇಳಿದರು. ಅವೂ ತಕ್ಷಣ ಅರ್ಥವಾಗುವುದಿಲ್ಲ. ದಿನಗಟ್ಟಲೆ ತಲೆಯಲ್ಲಿಟ್ಟುಕೊಂಡು ತಿರುಗಬೇಕು. ಒಂಬೈನೂರು ವರ್ಷದ ಹಿಂದೆ ಒಗಟಿಗೂ ದಾಳಕ್ಕೂ ಬೇರೆ ಬೇರೆ ಅಧ್ಯಾಯ ಇತ್ತು. ಇವತ್ತು ನಮ್ಮ ಮನೆಗಳಲ್ಲಿ ಎರಡಕ್ಕೂ ‘ಗೇಮು’ ಎಂಬ ಒಂದೇ ಬೈಗುಳ.

ಈ ವಿಷಯದಲ್ಲಿ ಹೊಸ ಕಾಯ್ದೆ ನಮ್ಮ ಮನೆಗಳಿಗಿಂತ ಮೇಲು. ಅದು ಇ–ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ ಎಂದು ಮೂರು ಮಾಡಿದೆ. ಹಣದ ಆಟವನ್ನು ಕೌಶಲದ್ದು, ಅದೃಷ್ಟದ್ದು ಎಂದು ಒಡೆಯದೆ ಎರಡನ್ನೂ ನಿಲ್ಲಿಸಿದೆ. ಕಾರಣ ಇದೆ. ಕರ್ನಾಟಕವೇ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ನಿಷೇಧಿಸಲು ಹೋಗಿತ್ತು. ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ತಿದ್ದುಪಡಿಯ ಅಂಶಗಳನ್ನು ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ ಎಂಬುದೇ ಕಂಪನಿಗಳ ಮುಖ್ಯ ವಾದವಾಗಿತ್ತು. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಹಾಕಿ ನೋಡಿದ್ದಾಯಿತು. ಅಷ್ಟಾದರೂ ವರ್ಷಕ್ಕೆ ಜನ ಕಳೆದುಕೊಳ್ಳುವ ಹಣ 20,000 ಕೋಟಿ ರೂಪಾಯಿ ಎಂದು ಕೇಂದ್ರವೇ ಅಂದಾಜು ಹೇಳಿತು. ರಮ್ಮಿಯಲ್ಲಿ ಕೌಶಲ ಇದೆ, ಒಪ್ಪೋಣ. ಆದರೆ ಧಾರವಾಡದ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ಸೋತದ್ದನ್ನು ಎತ್ತಲು ಕೂತವನ ಹತ್ತಿರ ಎಷ್ಟು ಕೌಶಲ ಉಳಿದಿರುತ್ತದೆ? ಹೊಸ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ನನ್ನ ಅಸಮಾಧಾನ ಎರಡು ಕಡೆ ಇದೆ. ಕಾಯ್ದೆಯ ಕಣ್ಣು ಹಣ ಗೆಲ್ಲುವ ಆಸೆಯ ಮೇಲಿದೆ. ಗೆಲ್ಲಲು ಹಣವೇ ಇಲ್ಲದ, ಕಳೆದುಕೊಳ್ಳಲು ಮಾತ್ರ ಇರುವ ವ್ಯವಸ್ಥೆ ಪುಕ್ಕಟೆ ಆಟಗಳಲ್ಲಿದೆ: ಡೈಮಂಡ್ ಕೊಳ್ಳಿ, ಪೆಟ್ಟಿಗೆ ತೆರೆಯಿರಿ, ಒಳಗೆ ಏನಿದೆಯೋ ನಿಮ್ಮ ಅದೃಷ್ಟ. ಇಂಥ ಲೂಟ್ ಬಾಕ್ಸ್‌ಗಳನ್ನು ಬೆಲ್ಜಿಯಂ 2018ರಲ್ಲೇ ಜೂಜು ಎಂದು ಕರೆಯಿತು. ನಮ್ಮಲ್ಲಿ ಎಂಟನೇ ಕ್ಲಾಸಿನ ಹುಡುಗ ಅಪ್ಪನ ಯುಪಿಐ ಪಿನ್ ಹಾಕಿ ಬಂದೂಕಿನ ಬಣ್ಣ ಕೊಂಡರೆ ಅದು ಸುದ್ದಿಯೂ ಅಲ್ಲ.

ಇನ್ನೊಂದು, ಕಾಯ್ದೆಯ ಹೆಸರಿನಲ್ಲೇ ಇರುವ ಉತ್ತೇಜನ. ಉತ್ತೇಜನ ಎಂದರೆ ಎಲ್ಲರಿಗೂ ಟೂರ್ನಮೆಂಟೇ ಕಣ್ಣ ಮುಂದೆ ಬರುತ್ತದೆ. ದೇಶದಲ್ಲಿ ಅನಿಮೇಷನ್–ಗೇಮಿಂಗ್‌ಗೆ ಮೊದಲು ನೀತಿ ಮಾಡಿದ್ದು ಕರ್ನಾಟಕ, 2012ರಲ್ಲಿ. ಆದರೂ ಕನ್ನಡದಲ್ಲಿ ಹೇಳಿಕೊಳ್ಳುವಂಥ ಒಂದು ಕಥೆಯ ಆಟ ನನ್ನ ಕೈಗೆ ಸಿಕ್ಕಿಲ್ಲ. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ ಹೇಳುವ ‘ವೆಣ್ಬಾ’ 2023ರಲ್ಲಿ ಬಂತು. ಅಳಿಸಿಹೋದ ಅಮ್ಮನ ಪಾಕವಿಧಾನವನ್ನು ಸರಿಮಾಡಿಕೊಂಡು ಇಡ್ಲಿ ಬೇಯಿಸುವುದೇ ಅಲ್ಲಿ ಒಗಟು. ಮರುವರ್ಷ ಬಾಫ್ಟಾ ಪ್ರಶಸ್ತಿ ಬಂತು. ನನ್ನ ಬೆಂಚಿನ ಮೇಲೆ ಬಿಸಿಎ ಮುಗಿಸಿದವರು, ಕನ್ನಡ ಎಂ.ಎ. ಮಾಡಿದವರು, ಚಿತ್ರ ಬರೆಯಬಲ್ಲವರು ಒಟ್ಟಿಗೆ ಕೂತು 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಹಾಕಿದ್ದನ್ನು ನೋಡಿದ್ದೇನೆ. ಅವರಿಗೆ ಒಬ್ಬರಿಗೊಬ್ಬರ ಪರಿಚಯವೂ ಇರಲಿಲ್ಲ.

ಗೆಳೆಯನ ತಮ್ಮ ಈಗ ಊರಲ್ಲೇ ಇದ್ದಾನೆ. ಸಂಜೆ ನನ್ನ ಸೆಂಟರಿನಲ್ಲಿ ಕೂತು ಅರ್ಜಿ ತುಂಬಲು ಸಹಾಯ ಮಾಡುತ್ತಾನೆ. ಫೋನು ಅಣ್ಣನ ಹತ್ತಿರ ಇರುತ್ತದೆ. ಹೋದ ವಾರ ಷಟರ್ ಅರ್ಧ ಇಳಿಸಿದ ಮೇಲೆ ಹಳೆಯ ‘ಬ್ರೋಕನ್ ಸ್ವೋರ್ಡ್’ ಹಾಕಿಕೊಟ್ಟೆ. ಈ ಸಲ ದುಡ್ಡು ಕೊಟ್ಟು ಕೊಂಡದ್ದು. ಅಣ್ಣನಿಗೆ ಗೊತ್ತಾದರೆ ಏನನ್ನುತ್ತಾನೋ ಎಂಬ ಅಳುಕು ನನಗಿತ್ತು, ಈಗಲೂ ಇದೆ. ಹುಡುಗ ಪ್ಯಾರಿಸ್ ದಾಟಿ ಐರ್ಲೆಂಡ್‌ಗೆ ಬಂದ. ಯೂಟ್ಯೂಬ್‌ನಲ್ಲಿ ನೋಡಿಬಿಡ್ಲಾ ಅಂದ. ಬೇಡ, ಮನೆಯಲ್ಲಿ ನಿಮ್ಮಣ್ಣನನ್ನು ಕೇಳು ಅಂದೆ. ಇನ್ನೂ ಕೇಳಿಲ್ಲ. ಇವತ್ತಿಗೆ ಐದನೇ ದಿನ, ಆಡು ಗುದ್ದುತ್ತಲೇ ಇದೆ.