ಬಾಡಿಗೆ ಕೇಳುವೆವು, ಬ್ರೇಕು ಕೇಳುವುದಿಲ್ಲ



ದೇವಣಿ ಎತ್ತು ಕೊಳ್ಳುವಾಗ ನಮ್ಮ ಔರಾದ ಭಾಗದ ರೈತನು ಅದರ ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಆದರೆ ಮಗುವನ್ನು ಶಾಲೆಗೆ ಒಯ್ಯುವ ಟೆಂಪೊದ ವಿಷಯದಲ್ಲಿ ಅವನು ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಬಾಡಿಗೆ ಎಷ್ಟು? ಎಕಂಬಾದಂತಹ ಊರುಗಳಲ್ಲಿ ಈ ಪ್ರಶ್ನೆಯೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ.

‘ಟೆಂಪೊ’ ಎಂಬುದು ಮೂಲತಃ ಜರ್ಮನಿಯ ಹ್ಯಾಂಬರ್ಗಿನ ಒಂದು ಕಾರ್ಖಾನೆಯ ಮುದ್ರೆ. ಅದರ ಸಹಯೋಗದಿಂದ ಎನ್. ಕೆ. ಫಿರೋದಿಯಾ ಅವರು 1958ರಲ್ಲಿ ನಮ್ಮ ದೇಶದಲ್ಲಿ ಮೂರು ಚಕ್ರದ ಗಾಡಿಗಳ ತಯಾರಿಕೆ ಆರಂಭಿಸಿದರು. ಮುಂದೆ ಮ್ಯಾಟಡೋರ್ ಬಂದಿತು. 1987ರಲ್ಲಿ ಮರ್ಸಿಡಿಸ್ ಬೆಂಜ್ ವ್ಯಾನಿನ ವಿನ್ಯಾಸವನ್ನು ಆಧರಿಸಿದ ಟ್ರಾವೆಲರ್ ಬಂದಿತು. ನಮ್ಮ ರಸ್ತೆಗಳ ಕ್ರೂಸರ್ ಕೂಡ ಅದೇ ಕಂಪನಿಯದು. 2005ರಲ್ಲಿ ಬಜಾಜ್ ಟೆಂಪೊ ಎಂಬ ಹೆಸರು ಫೋರ್ಸ್ ಮೋಟಾರ್ಸ್ ಎಂದಾಯಿತು. ಜನರ ನಾಲಿಗೆಯ ಮೇಲೆ ಮಾತ್ರ ಟೆಂಪೊ ಟೆಂಪೊವಾಗಿಯೇ ಉಳಿದಿದೆ.

ಯಾವ ಕಂಪನಿಯ ವ್ಯಾನೇ ಆಗಲಿ, ಅದರ ಸಾಮಾನ್ಯ ರೋಗಗಳು ಕೆಲವೇ. ಮೊದಲನೆಯದು ಎಂಜಿನ್ ಕಾಯುವುದು. ಕೂಲಂಟ್ ಬದಲು ಬೋರಿನ ಗಡಸು ನೀರು ಹಾಕಿದರೆ, ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವಂತೆ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿಯೂ ಬಿಳಿಯ ಪೊರೆ ಕಟ್ಟುತ್ತದೆ. ಶಾಖ ಹೊರಹೋಗದೆ ಕೊನೆಗೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಎರಡನೆಯದು ಅತಿಭಾರದಿಂದ ಕ್ಲಚ್ ಸವೆಯುವುದು, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಮುರಿಯುವುದು. ಇವೆರಡೂ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸುತ್ತವೆ. ಮೂರನೆಯದು ನಿಲ್ಲಬೇಕಾದ ಗಾಡಿಯನ್ನು ನಿಲ್ಲಗೊಡುವುದಿಲ್ಲ. ಅದೇ ಬ್ರೇಕಿನ ದೋಷ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದಂತೆ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಆಗ ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲು ಮೆತ್ತಗಾಗಿ ಒಳಕ್ಕಿಳಿಯುತ್ತದೆ. ಜೊತೆಗೆ ನಾನು ತರಗತಿಯಲ್ಲಿ ಹೇಳುತ್ತಿದ್ದ ಚಲನಶಕ್ತಿಯ ಪಾಠವನ್ನು ನೆನಪಿಸಿಕೊಳ್ಳಿರಿ: ಭಾರ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡರಷ್ಟು; ವೇಗ ಎರಡರಷ್ಟಾದರೆ ನಾಲ್ಕರಷ್ಟು. ಹನ್ನೆರಡು ಮಕ್ಕಳ ಗಾಡಿಯಲ್ಲಿ ಇಪ್ಪತ್ತು ಮಕ್ಕಳನ್ನು ತುಂಬಿ, ತಡವಾಯಿತೆಂದು ಓಡಿಸಿದರೆ ಏನಾದೀತೆಂದು ನೀವೇ ಲೆಕ್ಕ ಹಾಕಿರಿ.

ಇದಕ್ಕೆಲ್ಲ ಚಾಲಕನನ್ನು ಬೈಯುವುದು ಸುಲಭ. ಆದರೆ ಬಾಡಿಗೆಯಲ್ಲಿ ಐವತ್ತು ರೂಪಾಯಿಗೂ ಚೌಕಾಸಿ ನಡೆದರೆ ಆತ ಆ ನಷ್ಟವನ್ನು ಇನ್ನೆರಡು ಮಕ್ಕಳನ್ನು ಹತ್ತಿಸಿ ತುಂಬಿಕೊಳ್ಳುತ್ತಾನೆ, ಮಿಸ್ತ್ರಿಯ ಬಳಿಗೆ ಹೋಗುವುದನ್ನು ಮುಂದೂಡುತ್ತಾನೆ. ಉಳಿಸಿದ ಹಣಕ್ಕೆ ಮಕ್ಕಳೇ ಜಾಮೀನು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಕಡ್ಡಾಯ, ನಿಜ. ಆದರೆ ಆ ಕಾಗದವು ಪರೀಕ್ಷೆಯಾದ ದಿನದ ಸ್ಥಿತಿಯನ್ನಷ್ಟೇ ಹೇಳೀತು. ಉಳಿದ ದಿನಗಳ ಹೊಣೆ ಊರಿನದು.

ಆದ್ದರಿಂದ ಪಾಲಕರು ಒಂದುಗೂಡಿ ಬಾಡಿಗೆಯ ಮೇಲೆ ಸ್ವಲ್ಪ ಹಣ ಕೂಡಿಸಿ, ಅದನ್ನು ದುರಸ್ತಿಗೆಂದೇ ತೆಗೆದಿಡಬೇಕು. ತಿಂಗಳಿಗೊಮ್ಮೆ ಒಬ್ಬರು ಗಾಡಿಯ ಬಳಿ ಹೋಗಿ ಕೇಳಬೇಕು: ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ? ಟಯರು ಎಷ್ಟು ಸವೆದಿದೆ? ಬಾಗಿಲಿನ ಚಿಲಕ ಭದ್ರವಾಗಿದೆಯೇ? ಕುಳಿತ ಮಕ್ಕಳೆಷ್ಟು?

ನನ್ನ ಶಿಷ್ಯರಲ್ಲಿ ಗಾಡಿ ಓಡಿಸುವವರೂ ಇದ್ದೀರಿ, ಗ್ಯಾರೇಜು ನಡೆಸುವವರೂ ಇದ್ದೀರಿ. ಈ ಪ್ರಶ್ನೆಗಳನ್ನು ಅವಮಾನವೆಂದು ತಿಳಿಯಬೇಡಿರಿ. ಬಾಡಿಗೆ ಸಾಲದಿದ್ದರೆ ಸಾಲದೆಂದು ಬಾಯಿಬಿಟ್ಟು ಹೇಳಿರಿ. ಬ್ರೇಕು ಮೆತ್ತಗಾದ ದಿನ ಮಾತ್ರ ಗಾಡಿಯನ್ನು ಮನೆಯಿಂದ ಹೊರಡಿಸಬೇಡಿರಿ.