ಮಟ್ಟಿ ಹದ ಮಾಡಿದವರ ಹೆಸರು ಹೇಳ್ರಿ

"ಆ ಕಾಲ ಹೋತು, ಅಂಥಾ ಆಟಗಾರರು ಇನ್ನ ಹುಟ್ಟಂಗಿಲ್ಲ" ಎಂಬ ನಿಟ್ಟುಸಿರು ನಮ್ಮ ಕಡೆ ಬಹಳ ಅಗ್ಗ. ಇಂಡಿಯ ಚಹಾದಂಗಡಿಯಲ್ಲಿ ಸಿಗುತ್ತದೆ, ಸಿಂದಗಿಯ ಅಡತಿ ಅಂಗಡಿಯ ಕಟ್ಟೆಯ ಮೇಲೆ ಸಿಗುತ್ತದೆ, ಮುದ್ದೇಬಿಹಾಳದ ಸಂತೆಯಲ್ಲೂ ಬಸವನ ಬಾಗೇವಾಡಿಯ ಜಾತ್ರೆಯಲ್ಲೂ ಸಿಗುತ್ತದೆ. ಒಬ್ಬ ಪೈಲ್ವಾನ ದಿನಕ್ಕೆ ಒಂದು ಕೊಡ ಹಾಲು ಕುಡಿದನಂತೆ. ಇನ್ನೊಬ್ಬ ಹಲ್ಲಿನಲ್ಲಿ ಕಚ್ಚಿ ಜೋಳದ ಚೀಲ ಎತ್ತಿದನಂತೆ. ನಾಲ್ಕಕ್ಷರ ಕಲಿತವರ ಮನೆಗಳಲ್ಲಿ ಪೈಲ್ವಾನರ ಜಾಗಕ್ಕೆ ಪ್ರಸನ್ನ, ಚಂದ್ರಶೇಖರ, ವಿಶ್ವನಾಥ ಬರುತ್ತಾರೆ. ರೇಡಿಯೋಕ್ಕೆ ಕಿವಿ ಹಚ್ಚಿ ಕುಂತ ಮಧ್ಯಾಹ್ನಗಳು ಬರುತ್ತವೆ. ಕೇಳಿದವರು ತಲೆದೂಗುತ್ತಾರೆ.

ಆ ಆಟಗಾರರ ಮೇಲೆ ನಮಗೆ ಸಿಟ್ಟಿಲ್ಲ. ವಿಶ್ವನಾಥರ ಸ್ಕ್ವೇರ್ ಕಟ್ ನಮ್ಮ ಕಣ್ಣಿಗೂ ಚೆಂದವೇ. ನಮ್ಮ ಜಗಳ ಇರುವುದು ಈ ನೆನಪಿನ ಸಂಗಡ. ಹೊಲ, ಬಾವಿ, ಗುಡಿಗಳ ಹಾಗೆ ನೆನಪನ್ನೂ ಈ ಮಂದಿ ತಮ್ಮ ಹೆಸರಿಗೇ ಖಾತೆ ಮಾಡಿಸಿಕೊಂಡಿದ್ದಾರೆ.

ಕುಸ್ತಿಯ ಮಾತನ್ನೇ ಹಿಡಿಯೋಣ. ಜಾತ್ರೆ ಎಂಟು ದಿನ ಇದೆ ಎನ್ನುವಾಗ ಮಣ್ಣು ಅಗೆದು ತರಬೇಕು. ಹಳ್ಳು ಆರಿಸಬೇಕು, ಸಾಣಿಸಬೇಕು, ಎಣ್ಣೆ ಮಜ್ಜಿಗೆ ಅರಿಷಿಣ ಕಲಸಿ ಮಟ್ಟಿ ಹದ ಮಾಡಬೇಕು. ಅಗೆದವರು ಯಾರು, ಹೊತ್ತವರು ಯಾರು? ಕುಸ್ತಿಯ ದಿನ ಹಲಗಿ ಬೇಕು. ಹಲಗಿಯ ಪೆಟ್ಟು ಬೀಳದೆ ಪೈಲ್ವಾನನ ತೊಡೆ ಬಿಸಿಯಾಗುವುದಿಲ್ಲ ಎಂದು ಹೇಳುವವರೂ ಅವರೇ. ಗೆದ್ದವನಿಗೆ ಬೆಳ್ಳಿ ಕಡಗ, ಅವನ ವಸ್ತಾದನಿಗೆ ರುಮಾಲು. ಹಲಗಿಯವನಿಗೆ? ದೂರದಿಂದ ತೂರಿದ ಚಿಲ್ಲರೆ, ಇಲ್ಲವೆ ಸುಗ್ಗಿಯಲ್ಲಿ ಒಂದು ಸೇರು ಜ್ವಾಳ. ಅವನ ಮಗನಿಗೂ ತೋಳಿತ್ತು, ಎದೆಯಿತ್ತು. ಎರಡು ಚೀಲ ಹೊರುವ ಬೆನ್ನಿತ್ತು. ಆದರೆ ಕುಸ್ತಿ ಅಂದರೆ ಮೈಗೆ ಮೈ ತಾಗುವ ಆಟ. ಮೈಲಿಗೆಗೆ ಅಂಜುವ ಊರು ಅದನ್ನು ಹ್ಯಾಂಗ ತಾಳೀತು? "ಗರಡಿಯೊಳಗ ಹನುಮಪ್ಪ ಅದಾನ, ನೀವು ಹೊರಗ ನಿಲ್ರಿ" ಎಂಬ ಮಾತು ನಮ್ಮ ಎಷ್ಟೋ ಊರುಗಳಲ್ಲಿ ನಡೆದು ಬಂದದ್ದೇ. ಆಡುವುದಕ್ಕೇ ಬಿಡದೆ, ಆಮೇಲೆ "ನಿಮ್ಮೊಳಗ ಪೈಲ್ವಾನರು ಯಾರೂ ಆಗಲಿಲ್ಲ ನೋಡ್ರಿ" ಎಂದು ಕೇಳುತ್ತಾರಲ್ಲ, ಅದಕ್ಕೆ ಏನೆನ್ನಬೇಕು? (ಪೈಲ್ವಾನ ಕುಡಿದ ಆ ಕೊಡ ಹಾಲಿನ ಎಮ್ಮೆಗಳ ಸಗಣಿ ಬಳಿದ ಹೆಣ್ಣುಮಕ್ಕಳ ಮಾತು ಇನ್ನೂ ದೂರ ಉಳಿಯಿತು. ಅದಕ್ಕೆ ಬೇರೆಯೇ ಲೇಖನ ಬೇಕು.)

ಇನ್ನು ಕ್ರಿಕೆಟ್ಟು. ಇದು ಮೈ ತಾಗುವ ಆಟವಲ್ಲ, ಸಾಹೇಬರ ಆಟ, ಇಲ್ಲಿ ಜಾತಿ ಇಲ್ಲ ಎನ್ನುತ್ತಾರೆ. ಹಾಂಗಾದರ ಕೇಳ್ರಿ.

1875-76ರ ಸುಮಾರಿಗೆ ನಮ್ಮ ಧಾರವಾಡದಲ್ಲಿ ಒಂದು ಕೂಸು ಹುಟ್ಟಿತು. ಕೊಂಕಣದ ಕಡೆಯ ಚಮ್ಮಾರ ಮನೆತನ. ನಮ್ಮ ಮಾತಿನಲ್ಲಿ ಸಮಗಾರರು. ಹೆಸರು ಬಾಳೂ ಪಾಲವಣಕರ. ಪುಣೆಯಲ್ಲಿ ಪಾರ್ಸಿಗಳ ಕ್ಲಬ್ಬಿನ ಮೈದಾನ ನೋಡಿಕೊಳ್ಳುವುದಕ್ಕೆ ತಿಂಗಳಿಗೆ 3 ರೂಪಾಯಿ ಪಗಾರ. ಮುಂದೆ ಬ್ರಿಟಿಷರ ಜಿಮ್‌ಖಾನಾದಲ್ಲಿ 4 ರೂಪಾಯಿ. ಕೆಲಸ ಎಂದರೆ ಪಿಚ್ಚಿಗೆ ರೋಲರ್ ಹೊಡೆಯುವುದು, ಗೆರೆ ಎಳೆಯುವುದು, ಬಲೆ ಕಟ್ಟುವುದು. ಬಲೆಯಲ್ಲಿ ಸಾಹೇಬರಿಗೆ ಚೆಂಡು ಹಾಕುತ್ತ ಹಾಕುತ್ತ ಎಡಗೈ ಪಳಗಿತು. ಗ್ರೇಗ್ ಎಂಬ ಸಾಹೇಬ ತಾನು ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದ ಎಂಬ ಕಥೆ ಇದೆ. ಆದರೆ ಬ್ಯಾಟು ಮಾತ್ರ ಆ ಕೈಗೆ ಕೊಡಲಿಲ್ಲ. ಬ್ಯಾಟು ಒಡೆಯನದು, ಚೆಂಡು ಚಾಕರಿಯವನದು.

ಬ್ರಿಟಿಷರನ್ನು ಸೋಲಿಸಬೇಕೆಂಬ ಹಟಕ್ಕೆ ಪುಣೆಯ ಹಿಂದೂಗಳು ಬಾಳೂನನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಮೈದಾನದೊಳಗೆ ಬಾಳೂ ಬೇಕು. ಚಹಾದ ಹೊತ್ತಿಗೆ? ಉಳಿದವರು ಪೆವಿಲಿಯನ್ನಿನೊಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಳೂನಿಗೆ ಹೊರಗೆ, ಕುಡಿದು ಒಗೆಯುವ ಮಣ್ಣಿನ ಕುಡಿಕೆಯಲ್ಲಿ. ಊಟವೂ ಬ್ಯಾರೆ. ಅವನ ಕೈಯಿಂದ ಬಂದ ಚೆಂಡು ಮುಟ್ಟಬಹುದು, ಅವನ ಕೈ ಮುಟ್ಟಿದ ಕಪ್ಪು ಮುಟ್ಟಬಾರದು. ಇದು ಯಾವ ಶಾಸ್ತ್ರದೊಳಗ ಅದ, ಬಲ್ಲವರು ಹೇಳಬೇಕು. ನಮಗೆ ಇದು ಹಳೆಯ ಪುಸ್ತಕದ ಸುದ್ದಿಯೂ ಅಲ್ಲ. ಕಬಡ್ಡಿ ಗೆದ್ದು ಬಂದ ದಿನ ಊರ ಹಿರಿಯರೊಬ್ಬರ ಮನೆಯಲ್ಲಿ ತಂಡಕ್ಕೆಲ್ಲ ಊಟ. ನಡುಮನೆಯಲ್ಲಿ ತಾಟು, ನಮ್ಮ ಮೂವರಿಗೆ ಅಂಗಳದಲ್ಲಿ ಪತ್ರಾವಳಿ. ಅಂದು ನಾವು ಒಂಬತ್ತನೇ ಇಯತ್ತೆ.

1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳ ತಂಡ ಯೂರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಳೂ ಇದ್ದರು, ತಮ್ಮ ಶಿವರಾಮ ಇದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕ ಪಟಿಯಾಲದ ಮಹಾರಾಜ. ವಿಕೆಟ್ ಕಿತ್ತವರು ಬಾಳೂ, 114. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಬಾಳೂಗೆ ಕೊಡಲು ಮನಸ್ಸು ಬರಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ, ಶಿವರಾಮ ಈ ಅನ್ಯಾಯ ಪ್ರತಿಭಟಿಸಿ ತಂಡದಿಂದ ಹೊರಬಂದರು. ಇದು ಬಂಡಾಯವಲ್ಲದೆ ಮತ್ತೇನು? ಮುಂದೆ 1923ರಲ್ಲಿ ವಿಠ್ಠಲ ನಾಯಕರಾದರು.

ಆಗ ಧಾರವಾಡವೂ ನಮ್ಮ ಬಿಜಾಪುರವೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಬಾಳೂ ನಮ್ಮವರು. ಇಂಡಿ, ಸಿಂದಗಿಯ ಯಾವ ಕಟ್ಟೆಯ ಮೇಲೆ ನೀವು ಈ ಹೆಸರು ಕೇಳಿದ್ದೀರಿ? ನವಾನಗರದ ಅರಸು ರಣಜಿತ್‌ಸಿಂಹಜಿ ಆಡಿದ 15 ಟೆಸ್ಟುಗಳೂ ಇಂಗ್ಲೆಂಡಿನ ಪರವಾಗಿ. ಅವರು ತೀರಿಕೊಂಡದ್ದು 1933ರಲ್ಲಿ. ಮರುವರ್ಷ ಶುರುವಾದ ದೇಶದ ಪಂದ್ಯಾವಳಿಗೆ ಅವರದೇ ಹೆಸರು. ಅರಸನಿಗೆ ಟ್ರೋಫಿ, ಸಮಗಾರನಿಗೆ ಕುಡಿಕೆ.

ಬಾಳೂ ಅವರನ್ನು ದೇವರು ಮಾಡುವ ಆಸೆ ನಮಗಿಲ್ಲ. 1932ರ ವಾಗ್ವಾದದಲ್ಲಿ ಅವರು ಬಾಬಾಸಾಹೇಬರ ಕಡೆ ನಿಲ್ಲಲಿಲ್ಲ. 1937ರ ಚುನಾವಣೆಯಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರಿಗೇ ನಿಂತು ಸೋತರು. ಇದನ್ನು ನಾವು ಮುಚ್ಚಿಡುವುದಿಲ್ಲ. ಕಾಂಗ್ರೆಸ್ಸಿನ ದೊಡ್ಡವರು ಅವರನ್ನು ದಾಳ ಮಾಡಿಕೊಂಡರು ಎಂಬುದು ನಮ್ಮ ಅನಿಸಿಕೆ. ಕಟ್ಟೆಯ ಮೇಲಿನವರಿಗೆ ಇಂಥ ಗಂಟು ಬಿಡಿಸುವುದು ಬ್ಯಾಡಾಗಿದೆ. ಅವರಿಗೆ ಬೇಕಾದ್ದು ಕಲೆಯಿಲ್ಲದ ಬಿಳಿ ಪೋಷಾಕು.

1973-74ರ ಋತುವಿನ ಕಥೆಯನ್ನೇ ನೋಡಿರಿ. ಸತತ 15 ವರ್ಷ ಗೆದ್ದ ಮುಂಬಯಿಯನ್ನು ಕರ್ನಾಟಕ ಬೆಂಗಳೂರಿನಲ್ಲಿ ಮಣಿಸಿತು. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್. ಮುಂದೆ ರಾಜಸ್ಥಾನವನ್ನು ಸೋಲಿಸಿ ರಣಜಿ ಬಂತು. ಆ ಚೆಂಡು ಎಷ್ಟು ತಿರುಗಿತೆಂದು ಇವತ್ತಿಗೂ ಗೇಣು ಹಾಕಿ ತೋರಿಸುವವರಿದ್ದಾರೆ. ಅದೇ ಋತುವಿನ ನವೆಂಬರಿನಲ್ಲಿ, ಮೈಸೂರಿನಲ್ಲಿ, ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಎಂದರು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಚೆಂಡಿನ ತಿರುವು ನೆನಪಿದ್ದವರಿಗೆ ನಮ್ಮ ಹುಡುಗರ ಮೇಲೆ ಬಿದ್ದ ಪೆಟ್ಟು ಯಾಕ ನೆನಪಿಲ್ಲ?

ಈ ರೋಗ ನಮ್ಮ ನಾಡಿಗಷ್ಟೇ ಅಲ್ಲ. ಅಮೆರಿಕದವರಿಗೆ ಬೇಸ್‌ಬಾಲ್ ಎಂಬ ಆಟವಿದೆ; ಹಳೆಯ ಆಟಗಾರರ ಕಥೆ ಹೇಳುವುದರಲ್ಲಿ ಅವರು ನಮ್ಮ ಗೌಡರನ್ನೂ ಮೀರಿಸಿದವರು. ಆ ಅವರ ಬಂಗಾರದ ಕಾಲದಲ್ಲಿ ಕಪ್ಪು ಜನರಿಗೆ ದೊಡ್ಡ ಲೀಗುಗಳ ಬಾಗಿಲು ಮುಚ್ಚಿತ್ತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಆ ಬಾಗಿಲು ದಾಟಿದರು. ಅದಕ್ಕೆ ಮೂರು ತಿಂಗಳ ಹಿಂದೆ, ಜನವರಿಯಲ್ಲಿ, ಜಾಶ್ ಗಿಬ್ಸನ್ ಎಂಬ ಮಹಾ ದಾಂಡಿಗ 35ನೇ ವಯಸ್ಸಿಗೆ ತೀರಿಹೋಗಿದ್ದರು, ಕಪ್ಪು ಜನರ ಲೀಗುಗಳಲ್ಲಿ ಆಡಿ, ಆ ಬಾಗಿಲು ದಾಟದೆಯೇ. 2024ರಲ್ಲಿ ಆ ಲೀಗುಗಳ ಅಂಕಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದರು. ಬಿಳಿಯ ದಾಂಡಿಗ ಟೈ ಕಾಬ್ ಕೆಳಗಿಳಿದರು. ಜೀವಮಾನದ ಸರಾಸರಿಯಲ್ಲಿ ಗಿಬ್ಸನ್ ಮೇಲೆ ಬಂದರು. ಸತ್ತು 77 ವರ್ಷದ ಮೇಲೆ!

ಆ ಅಂಕಗಳು ಸಿಕ್ಕದ್ದು ಎಲ್ಲಿ ಗೊತ್ತೇನು? ಬಹುಮಟ್ಟಿಗೆ ಕಪ್ಪು ಜನರೇ ನಡೆಸುತ್ತಿದ್ದ ಹಳೆಯ ಪತ್ರಿಕೆಗಳಲ್ಲಿ. ಬಿಳಿಯರ ಪತ್ರಿಕೆಗಳು ಲೆಕ್ಕಕ್ಕೇ ಹಿಡಿಯದ ಆಟಗಳನ್ನು ಅವರು ವಾರವಾರ ಅಚ್ಚು ಮಾಡಿದ್ದರು. ನಮ್ಮ ಅಜ್ಜಂದಿರ ತೋಳಿನ ಲೆಕ್ಕ ಯಾವ ಪತ್ರಿಕೆಯೊಳಗ ಅದ? ಊರವರು ಮಲಗಿದ ಮೇಲೆ ಬೆಳದಿಂಗಳಲ್ಲಿ, ಹಳ್ಳದ ಉಸುಕಿನಲ್ಲಿ ತಮ್ಮತಮ್ಮೊಳಗೇ ಕುಸ್ತಿ ಹಿಡಿದ ಕೇರಿಯ ಹುಡುಗರ ಕಥೆಗಳು ಆ ಮುದುಕರ ಸಂಗಡವೇ ಮಣ್ಣಾಗುತ್ತಿವೆ. ಮಕ್ಕಳು ಗೋವಾಕ್ಕೆ ದುಡಿಯಲು ಹೋಗಿದ್ದಾರೆ. ಕೇಳುವವರಾದರೂ ಯಾರಿದ್ದಾರೆ?

ಅದಕ್ಕೇ ಈ ನಾಲ್ಕು ತಾಲೂಕಿನ ಮಾಸ್ತರ ಗೆಳೆಯರಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ ಒಂದು ಕೆಲಸ ಕೇಳುತ್ತೇವೆ. ದೀಪಾವಳಿ ಸೂಟಿಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಕೇರಿಯ ಹಿರಿಯರ ಹತ್ತಿರ ಕುಂದ್ರಿ. ಯಾವ ಊರು, ಯಾವ ಜಾತ್ರೆ, ಮಟ್ಟಿ ಹೊತ್ತವರು ಯಾರು, ಹಲಗಿ ಬಡಿದವರು ಯಾರು, ಗರಡಿಯ ಹೊರಗೆ ನಿಂತು ನೋಡಿದವರು ಯಾರು, ಎಷ್ಟು ಮಣದ ಗುಂಡನ್ನು ಯಾರು ಎತ್ತಿದರು ಎಂದು ಬರೆದುಕೊಂಡು ಈ ಪತ್ರಿಕೆಗೆ ಕಳಿಸಿರಿ. ಅಕ್ಷರ ಸೊಟ್ಟ ಇದ್ದರೂ ನಡೀತದ. ಆಟ ಮುಗಿದ ಮೇಲೆ ಊಟಕ್ಕ ಎಲ್ಲಿ ಕುಂದ್ರಿಸಿದ್ರು ಅಂತನೂ ಕೇಳ್ರಿ. ಆ ಪ್ರಶ್ನೆ ಮಾತ್ರ ಬಿಡಬ್ಯಾಡ್ರಿ.