ಕಂತಿನ ಕ್ಯಾಮೆರಾ ಬೀರುವಿನಲ್ಲೇ ಉಳಿಯುತ್ತೆ

ಹೋದ ವರ್ಷ ಜೂನ್ ತಿಂಗಳು. ಸ್ಕೂಲು ಶುರುವಾಗಿ ಎರಡು ವಾರ ಆಗಿತ್ತು. ತಿಪಟೂರು ಕಡೆ ಇರುವ ನಮ್ಮ ದೊಡ್ಡಮ್ಮನ ಮಗ ಫೋನ್ ಮಾಡಿದ.

"ನೀನು ಪೇಪರ್ ಕೆಲಸ ಓದಿದೋಳಲ್ವಾ, ಒಂದು ವಿಷಯ ಹೇಳಮ್ಮ. ಮಗಳ ಸ್ಕೂಲಲ್ಲಿ ಶನಿವಾರ ಫೋಟೊಗ್ರಫಿ ಕ್ಲಾಸ್ ಮಾಡ್ತಾರಂತೆ. ಡಿಎಸ್‌ಎಲ್‌ಆರ್ ಕ್ಯಾಮೆರಾ ತರ್ಬೇಕು ಅಂತ ಚೀಟಿ ಕಳ್ಸವ್ರೆ. ಅಂಗಡೀಲಿ ಕೇಳ್ದೆ, 42,000 ಅಂದ್ರು. ತಿಂಗಳಿಗೆ 3,800ರಂಗೆ 12 ಕಂತು. ಬಡ್ಡಿನೇ ಇಲ್ವಂತೆ. ತಗೊಳ್ಳಾ?"

"3,800ನ ಹನ್ನೆರಡರಿಂದ ಗುಣಿಸಣ್ಣ" ಅಂದೆ. 45,600 ಬಂತು. "ಬಡ್ಡಿ ಇಲ್ಲ ಅಂದ್ಮೇಲೆ ಈ 3,600 ಯಾರಿಗೆ?" ಅಂದೆ. ಅಣ್ಣ ಸುಮ್ಮನಾದ.

ಅವನ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು: "ಹೆಣ್ಣುಡ್ಗಿಗೆ ಕ್ಯಾಮೆರಾ ಯಾತಕ್ಕೆ? ಕೊರಳಿಗೆ ನೇತಾಕ್ಕೊಂಡು ಊರು ಸುತ್ತಕ್ಕಾ?"

ಈ ಎರಡು ಮಾತಿಗೂ ಉತ್ತರ ಹೇಳಬೇಕು ಅಂತಲೇ ಇದನ್ನು ಬರೀತಿದ್ದೀನಿ. ಅಣ್ಣನಿಗೆ ನನ್ನ ಉತ್ತರ: ಕಂತಿನಲ್ಲಿ ಹೊಸ ಕ್ಯಾಮೆರಾ ಬೇಡ. ದೊಡ್ಡಮ್ಮನಿಗೆ ನನ್ನ ಉತ್ತರ: ಹುಡುಗಿಗೆ ಕ್ಯಾಮೆರಾ ಬೇಕು, ಊರು ಸುತ್ತೋದಕ್ಕೇ ಬೇಕು.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ನಾನು ಪತ್ರಿಕೋದ್ಯಮಕ್ಕೆ ಸೇರಿದಾಗ ಅಪ್ಪ ಅಮ್ಮನ ಎರಡು ಬಳೆ ಅಡ ಇಟ್ಟು ಹೊಸ ಕ್ಯಾಮೆರಾ ಕೊಡಿಸಿದ್ರು. ಬಾಕ್ಸ್ ಒಡೆದು ಪೂಜೆ ಮಾಡಿದ್ವಿ. ಆಮೇಲೆ ಅದು ಬೀರು ಸೇರಿತು. ಸಂತೆಗೆ ತಗೊಂಡು ಹೋಗ್ತೀನಿ ಅಂದ್ರೆ "ಬೀಳ್ಸಿಬಿಟ್ಟೀಯ", ಗದ್ದೆಗೆ ಅಂದ್ರೆ "ನೀರು ತಾಗುತ್ತೆ", ಜಾತ್ರೆಗೆ ಅಂದ್ರೆ "ಯಾರಾದ್ರೂ ಕಿತ್ಕೊಂಡಾರು". ಅಪ್ಪನದೇನೂ ತಪ್ಪಿಲ್ಲ. ಆ ಬಳೆ ಬಿಡಿಸೋವರೆಗೂ ಕ್ಯಾಮೆರಾ ನೋಡಿದಾಗೆಲ್ಲ ಅವರಿಗೆ ಬಳೆನೇ ಕಾಣ್ತಿತ್ತು. ನಮ್ಮೂರು ಸಕಲೇಶಪುರದ ಕಡೆ. ಒಂದೇ ಮಳೆಗಾಲಕ್ಕೆ ಬೀರುವಿನ ತೇವಕ್ಕೆ ಲೆನ್ಸ್ ಒಳಗೆ ಜೇಡರಬಲೆ ಥರ ಬೂಷ್ಟು ಬಂತು.

ನಾನು ಫೋಟೊ ತೆಗೆಯೋದು ಕಲಿತದ್ದು ಕಾಲೇಜಿನ ಹಳೇ ಕ್ಯಾಮೆರಾದಲ್ಲಿ. ಮೂಲೆಯೆಲ್ಲ ತರಚಿತ್ತು, ಪಟ್ಟಿ ಹರಿದು ದಾರ ಕಟ್ಟಿತ್ತು. ಅದು ಬಿದ್ರೂ ಯಾರೂ ಅಳ್ತಿರಲಿಲ್ಲ. ಅದಕ್ಕೇ ಅದು ನಮ್ಮ ಜೊತೆ ಎಲ್ಲಾ ಕಡೆ ಬಂತು.

ಹಾಗಾಗಿ ನಾನು ಕೇಳೋ ಮೊದಲ ಪ್ರಶ್ನೆ "ಯಾವ ಕಂಪನಿ?" ಅಲ್ಲ, "ಎಷ್ಟು ಮೆಗಾಪಿಕ್ಸೆಲ್?" ಅನ್ನೋದೂ ಅಲ್ಲ. ಈ ಕ್ಯಾಮೆರಾ ಒಂದು ದಿನ ಕೆಳಗೆ ಬಿದ್ರೆ ನಿಮ್ಮ ಮನೇಲಿ ಏನಾಗುತ್ತೆ? ಆ ತಿಂಗಳ ಹಾಲಿನ ಬಟವಾಡೆ ಹೋಯ್ತು ಅಂತ ಗಲಾಟೆ ಆಗೋದಾದ್ರೆ, ಆ ಕ್ಯಾಮೆರಾ ನಿಮ್ಮ ಮಗುವಿಗಲ್ಲ.

ಮೆಗಾಪಿಕ್ಸೆಲ್ ಲೆಕ್ಕ ಅಂಗಡಿಯವರು ಹೇಳೋ ಹಾಗಿಲ್ಲ. ಸ್ಟುಡಿಯೋದಲ್ಲಿ ಹಾಕಿಸುವ 6×4 ಇಂಚಿನ ಫೋಟೊಗೆ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚಿದ್ರೆ ಸಾಕು. ಸ್ಕೂಲಿನ ಗೋಡೆಗೆ ಅಂಟಿಸುವ ಎ4 ಅಳತೆಗೆ 9 ಇದ್ರೆ ಸಾಕು. ನಿಕಾನ್ ಡಿ3100 ಅನ್ನೋ ಕ್ಯಾಮೆರಾ ಬಂದದ್ದು 2010ರಲ್ಲಿ. ಅದರಲ್ಲೇ 14 ಇತ್ತು. ಅಂದ್ರೆ ಇಷ್ಟು ಹಳೇ ಕ್ಯಾಮೆರಾ ಕೂಡ ಹೈಸ್ಕೂಲು ಕ್ಲಾಸಿಗೆ ಧಾರಾಳ.

ಹಾಗಾದ್ರೆ ಫೋನೇ ಸಾಕಲ್ವಾ ಅಂತ ನೀವು ಕೇಳಬಹುದು. ಮೊದಲ ಮೂರು ತಿಂಗಳಿಗೆ ಸಾಕು. ಬೆಳಕು ಯಾವ ಕಡೆಯಿಂದ ಬೀಳ್ತಿದೆ, ಚೌಕಟ್ಟಿನೊಳಗೆ ಏನಿರಬೇಕು, ಏನು ಬಿಡಬೇಕು, ಎಷ್ಟು ಹತ್ತಿರ ಹೋಗಬೇಕು ಅನ್ನೋದೆಲ್ಲ ಫೋನಿನಲ್ಲೇ ಕಲೀಬಹುದು. ತುಂಬಾ ಫೋನುಗಳಲ್ಲಿ 'ಪ್ರೊ' ಅನ್ನೋ ಮೋಡ್ ಇರುತ್ತೆ. ಅದರಲ್ಲಿ ಐಎಸ್ಒ, ಶಟರ್ ವೇಗ ನಾವೇ ಬದಲಾಯಿಸಬಹುದು. ಬೋರ್‌ವೆಲ್ ನೀರು ತೊಟ್ಟಿಗೆ ಬೀಳೋದನ್ನ ಒಮ್ಮೆ ಜೋರು ಶಟರ್‌ನಲ್ಲಿ, ಒಮ್ಮೆ ನಿಧಾನ ಶಟರ್‌ನಲ್ಲಿ ತೆಗೀಲಿ. ಒಂದರಲ್ಲಿ ಹನಿ ಹನಿ ನಿಲ್ಲುತ್ತೆ, ಇನ್ನೊಂದರಲ್ಲಿ ನೀರು ಬಟ್ಟೆ ಥರ ಕಾಣುತ್ತೆ. ಅಷ್ಟರಲ್ಲಿ ಅರ್ಧ ಪಾಠ ಆಯ್ತು.

ಆದ್ರೆ ಉಳಿದರ್ಧಕ್ಕೆ ಕ್ಯಾಮೆರಾ ಬೇಕು. ಸಾಮಾನ್ಯ ಫೋನಿನಲ್ಲಿ ಅಪರ್ಚರ್, ಅಂದ್ರೆ ಬೆಳಕು ಒಳಗೆ ಬರುವ ಕಂಡಿ, ಹಿಗ್ಗಿಸೋಕೂ ಆಗಲ್ಲ ಕುಗ್ಗಿಸೋಕೂ ಆಗಲ್ಲ. ಹಿಂದಿನದು ಮಸುಕಾಗಿ ಕಾಣೋದು ಬಹುತೇಕ ಫೋನೇ ಲೆಕ್ಕ ಹಾಕಿ ಮಾಡೋ ಕೆಲಸ. ಜೂಮ್ ಮಾಡಿದ್ರೆ ಚಿತ್ರ ಒಡೆಯುತ್ತೆ. ಡಿಎಸ್‌ಎಲ್‌ಆರ್ ಒಳಗಿನ ಸೆನ್ಸರ್ ಸಾಮಾನ್ಯ ಫೋನಿನದಕ್ಕಿಂತ ಹತ್ತು ಪಟ್ಟಿಗೂ ದೊಡ್ಡದು. ಸಂಜೆ ಕೊಟ್ಟಿಗೆಯಲ್ಲಿ ಹಾಲು ಕರೆಯೋ ಫೋಟೊ ತೆಗೆದಾಗ ಆ ವ್ಯತ್ಯಾಸ ಗೊತ್ತಾಗುತ್ತೆ. ಇನ್ನೊಂದು ಮಾತು. ಫೋನು ಅಪ್ಪನದು, ಅಪ್ಪ ತೋಟಕ್ಕೆ ಹೋದ್ರೆ ಅದೂ ಹೋಯ್ತು. ಮಗುವಿಗೆ ಫೋನೇ ಕೊಡಿಸಿದ್ರೆ ಅದರಲ್ಲಿ ಫೋಟೊಗಿಂತ ರೀಲ್ಸೇ ಜಾಸ್ತಿ ಆಗುತ್ತೆ.

ಕೊಳ್ಳೋದಾದ್ರೆ ಹಳೇದು ಕೊಳ್ಳಿ. ಕೈಯಿಂದ ಕೈಗೆ, ಹಗಲು ಹೊತ್ತಿನಲ್ಲಿ, ನೋಡಿ ಕೊಳ್ಳಿ. ಮದುವೆ ಫೋಟೊ ತೆಗೆಯುವ ಸ್ಟುಡಿಯೋದವರು ಹೊಸದಕ್ಕೆ ಹೋದಾಗ ಹಳೇದನ್ನ ಮಾರ್ತಾರೆ. ಅವರನ್ನ ಕೇಳಿ. ನೋಡಬೇಕಾದ್ದು ಇಷ್ಟು:

ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಎಳೆ ಎಳೆಯಾಗಿ ಕಂಡ್ರೆ ಬೂಷ್ಟು. ಬೇಡ ಅನ್ನಿ.

ಅಪರ್ಚರ್ 16 ಅಥವಾ 22ಕ್ಕೆ ಇಟ್ಟು ಬಿಳೀ ಗೋಡೆಯ ಫೋಟೊ ತೆಗೀರಿ. ಕಪ್ಪು ಚುಕ್ಕೆ ಕಂಡ್ರೆ ಸೆನ್ಸರ್ ಮೇಲೆ ಧೂಳಿದೆ. ಧೂಳನ್ನ ಕ್ಲೀನ್ ಮಾಡಿಸಬಹುದು, ಗೀರಾಗಿದ್ರೆ ಆಗಲ್ಲ.

ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳಿ. ಇದು ಟ್ರ್ಯಾಕ್ಟರ್ ಎಷ್ಟು ಗಂಟೆ ಓಡಿದೆ ಅಂತ ಕೇಳಿದ ಹಾಗೆ. ಈ ದರ್ಜೆಯ ಕ್ಯಾಮೆರಾಗೆ ಒಂದು ಲಕ್ಷದ ಆಸುಪಾಸು ಆಯಸ್ಸು ಅಂತ ಲೆಕ್ಕ ಹಿಡೀತಾರೆ. ಮದುವೆಗೆ ದುಡಿದ ಕ್ಯಾಮೆರಾ ಆದ್ರೆ ಇದನ್ನ ಕೇಳಲೇಬೇಕು. ನಿಕಾನ್‌ನಲ್ಲಿ ತೆಗೆದ ಫೋಟೊ ಫೈಲಿನೊಳಗೇ ಈ ಲೆಕ್ಕ ಇರುತ್ತೆ.

ನಿಕಾನ್ ಡಿ3000 ಸಾಲಿನ ಕ್ಯಾಮೆರಾಗಳ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನಲ್ಲೇ ಮೋಟಾರ್ ಇರಬೇಕು. ಅಗ್ಗಕ್ಕೆ ಸಿಕ್ತು ಅಂತ ಹಳೇ ಲೆನ್ಸ್ ತಂದ್ರೆ ಅದು ತಾನಾಗಿ ಫೋಕಸ್ ಆಗಲ್ಲ.

ಬ್ಯಾಟರಿ, ಚಾರ್ಜರ್ ಕಂಪನಿಯದೇ ಇರಲಿ. ಜೊತೆಗೆ ಕೊಡೋ ಸ್ಟ್ಯಾಂಡು, ಫಿಲ್ಟರು, ಫ್ಲ್ಯಾಶು ಅಂತ ದುಡ್ಡು ಏರಿಸಿದ್ರೆ ಒಪ್ಪಬೇಡಿ. 18-55 ಲೆನ್ಸ್ ಒಂದಿದ್ರೆ ಒಂದು ವರ್ಷ ಸಾಕು. ತೇಜಸ್ವಿಯವರು ಮೂಡಿಗೆರೆಯಲ್ಲಿ ತೆಗೆದ ಹಕ್ಕಿ ಫೋಟೊ ನೋಡಿ ಮಗುವಿಗೂ ಆಸೆ ಆಗಬಹುದು. ಅದಕ್ಕೆ ಉದ್ದದ ಲೆನ್ಸ್ ಬೇಕು, ಅದು ಆಮೇಲಿನ ಮಾತು.

ಇನ್ನು ಸ್ಕೂಲಿನವರಿಗೆ ಒಂದು ಮಾತು. "ಡಿಎಸ್‌ಎಲ್‌ಆರ್ ತನ್ನಿ" ಅಂತ ಚೀಟಿ ಕಳಿಸೋದು ಸುಲಭ. ಆ ಚೀಟಿ ನೋಡಿ ಎಷ್ಟು ಮಕ್ಕಳು ಅದನ್ನ ಮನೇಲಿ ತೋರಿಸದೆ ಬ್ಯಾಗಿನಲ್ಲೇ ಇಟ್ಟುಕೊಂಡ್ರು ಅಂತ ಯೋಚಿಸಿ. ನಮ್ಮ ಕಾಲೇಜಿನಲ್ಲಿ ಇಡೀ ಕ್ಲಾಸಿಗೆ ಇದ್ದದ್ದು ಒಂದೇ ಕ್ಯಾಮೆರಾ. ಒಬ್ಬರು ತೆಗೆಯುವಾಗ ಉಳಿದವರು ನೋಡ್ತಿದ್ವಿ, ತಪ್ಪು ಹೇಳ್ತಿದ್ವಿ. ಅದರಲ್ಲೇ ಕಲಿತ್ವಿ. ಸ್ಕೂಲೇ ನಾಲ್ಕು ಹಳೇ ಕ್ಯಾಮೆರಾ ಇಟ್ಟುಕೊಂಡ್ರೆ ಇಪ್ಪತ್ತು ಮಕ್ಕಳಿಗೆ ಕ್ಲಾಸ್ ನಡೆಸಬಹುದು.

ಈಗ ದೊಡ್ಡಮ್ಮನ ಮಾತಿಗೆ ಬರ್ತೀನಿ. ನನಗೆ ಒಂದು ಭಯ ಇದೆ. "ದುಬಾರಿ ಕ್ಯಾಮೆರಾ ಬೇಡ" ಅಂದ ನನ್ನ ಮಾತನ್ನೇ ಹಿಡಿದು "ನೋಡು, ಅವಳೇ ಬೇಡ ಅಂದ್ಲು" ಅಂತ ಹುಡುಗಿಯನ್ನ ಕ್ಲಾಸಿನಿಂದಲೇ ಬಿಡಿಸಿಬಿಟ್ಟಾರು. ಅದೇ ಮನೇಲಿ ಹುಡುಗನಿಗೆ ಬೈಕ್ ತಂದಾಗ ಕಂತಿನ ಲೆಕ್ಕ ಯಾರೂ ಕೇಳಿರಲಿಲ್ಲ.

ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಅಂತ ಹೆಸರಾದ ಹೋಮೈ ವ್ಯಾರವಾಲಾ ಹುಟ್ಟಿದ್ದು 1913ರಲ್ಲಿ, ಗುಜರಾತಿನ ನವಸಾರಿಯಲ್ಲಿ. ಶುರುವಿನಲ್ಲಿ ಅವರು ತೆಗೆದ ಫೋಟೊಗಳು ಅಚ್ಚಾಗ್ತಿದ್ದದ್ದು ಗಂಡನ ಹೆಸರಿನಲ್ಲಿ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು, ಅವರದೇ ಹೆಸರಿಗೆ. ಅವರು ಬಳಸ್ತಿದ್ದ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೊ ಮಾತ್ರ.

ಆ ಹನ್ನೆರಡನ್ನೇ ನಾನು ಅಣ್ಣನ ಮಗಳಿಗೆ ಪಾಠ ಮಾಡಿದೆ. ವಾರಕ್ಕೆ 12 ಫೋಟೊ, ಅಪ್ಪನ ಫೋನಿನಲ್ಲಿ. ಹದಿಮೂರನೇದು ತೆಗೆಯೋ ಹಾಗಿಲ್ಲ, ಅಳಿಸೋ ಹಾಗಿಲ್ಲ. ಭಾನುವಾರ ನನಗೆ ಕಳಿಸಬೇಕು. ಚೀಟಿ ವಿಷಯ ಅಣ್ಣ ಸ್ಕೂಲಿಗೆ ಹೋಗಿ ಮಾತಾಡಿದ. ಅಲ್ಲಿವರೆಗೆ ಫೋನಿನಲ್ಲೇ ಮಾಡಲಿ ಅಂತ ಮೇಷ್ಟ್ರು ಒಪ್ಪಿದ್ರು.

ಮೊದಲ ವಾರ ಹನ್ನೆರಡೂ ಹೂವು, ಸೂರ್ಯ. ಐದನೇ ವಾರ ತಾತ ಕಾಯಿ ಸುಲಿಯೋದು. ಹಾರೆ ಮೇಲೆ ಕಾಯಿ ಬಡಿದ ಗಳಿಗೆ, ಕೊಬ್ಬರಿ ಅಟ್ಟದ ಬಾಗಿಲಿಂದ ಅಡ್ಡ ಬೆಳಕು. ತಾತನ ಮುಖ ಅರ್ಧ ಕತ್ತಲೆ. "ಇದೊಂದಕ್ಕೆ ಮೂರು ದಿನ ಕಾದೆ ಅತ್ತೆ" ಅಂತ ಕೆಳಗೆ ಬರೆದಿದ್ಲು. ಅವತ್ತು ನಾನು ಅಣ್ಣನಿಗೆ ಫೋನ್ ಮಾಡಿ "ಈಗ ಕ್ಯಾಮೆರಾ ಕೊಡ್ಸು" ಅಂದೆ.

ದಸರಾ ರಜೆಯಲ್ಲಿ ಒಂದು ಸ್ಟುಡಿಯೋದವರ ಹತ್ರ ಡಿ3100 ಸಿಕ್ತು. ಲೆನ್ಸ್ ಸೇರಿ 9,500 ರೂಪಾಯಿ. ಎರಡು ಬಟವಾಡೆ ದುಡ್ಡು ಜೋಡಿಸಿ ಕೈಯಲ್ಲೇ ಕೊಟ್ಟು ತಂದ್ರು.

ಮೊನ್ನೆ ಹೋಗಿದ್ದೆ. ಕ್ಯಾಮೆರಾ ಬ್ಯಾಗು ಕೊಟ್ಟಿಗೆ ಪಕ್ಕದ ಮೊಳೆಗೆ ನೇತಾಡ್ತಿತ್ತು, ಮೇಲೆಲ್ಲ ತೆಂಗಿನ ನಾರು, ಧೂಳು. ಅಣ್ಣ ಬೈತಿದ್ದ. ದೊಡ್ಡಮ್ಮ ತಲೆ ಬಾಚಿಕೊಂಡು ಜಗಲಿ ಮೇಲೆ ಕೂತಿತ್ತು. "ಉಡ್ಗಿ ಎಲ್ಲಿ?" ಅಂತ ಕೇಳಿದೆ.

"ಸಂತೆಗೆ ಹೋಗವ್ಳೆ, ಬಂದ ಮೇಲೆ ನಂದೊಂದು ತೆಗೀತಾಳಂತೆ. ಮೊಳೆ ಮೇಲೆ ಬಿಟ್ಟೋಗವ್ಳೆ ಅಂತ ಕಾಣುತ್ತೆ ಅದ್ನ" ಅಂತು.

ಬ್ಯಾಗು ಮುಟ್ಟಿ ನೋಡಿದೆ. ಖಾಲಿ ಇತ್ತು. ಕ್ಯಾಮೆರಾ ಅವಳ ಜೊತೆ ಸಂತೆಗೆ ಹೋಗಿತ್ತು.